ಶಫ್ನರ್ ಚುಕ್ಕೆ ಕಾಣದಿದ್ದರೆ ಮೊದಲು ನೀರು ನೋಡಿ

ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾದ ತೆಳು ಸ್ಮಿಯರ್, ಅಂದರೆ ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಎಳೆದ ರಕ್ತದ ಲೇಪ. ಕೆಂಪು ರಕ್ತಕಣ ಉಬ್ಬಿದೆ, ಒಳಗೆ ಪರಾವಲಂಬಿಯೂ ಇದೆ, ಸುತ್ತ ಇರಬೇಕಾದ ನಸುಗೆಂಪು ಶಫ್ನರ್ ಚುಕ್ಕೆಗಳು ಮಾತ್ರ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಲ್ಯಾಬ್‌ನಲ್ಲಿ ಹೀಗಾದರೆ ಗೀಮ್ಸಾ ಬಣ್ಣದ ಬಾಟಲಿಯನ್ನು ದೂರುವ ಮುನ್ನ ಅದಕ್ಕೆ ಬೆರೆಸಿದ ನೀರನ್ನು ಪರೀಕ್ಷಿಸಿ.

ಆ ಚುಕ್ಕೆಗಳು ಪರಾವಲಂಬಿಯ ಸಾಗಾಟದ ಗುರುತು. ಬಲಿತ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಪ್ರೋಟೀನ್ ಮಾಡಿ ಸಾಗಿಸುವ ಏರ್ಪಾಡೂ ಇಲ್ಲ. ಒಳಹೊಕ್ಕ ಜೀವಿ ಎಲ್ಲವನ್ನೂ ತಾನೇ ಕಟ್ಟಿಕೊಳ್ಳಬೇಕು. ಹಿಮೋಗ್ಲೋಬಿನ್ ತಿಂದು ಅಮೈನೋ ಆಮ್ಲ ಪಡೆಯುತ್ತದೆ, ಸರಿ. ಆದರೆ ವಯಸ್ಕರ ಹಿಮೋಗ್ಲೋಬಿನ್‌ನಲ್ಲಿ ಐಸೋಲ್ಯೂಸಿನ್ ಇಲ್ಲವೇ ಇಲ್ಲ. ಅದನ್ನು ರಕ್ತದ್ರವದಿಂದಲೇ ಎಳೆದುಕೊಳ್ಳಬೇಕು. ಮಲೇರಿಯಾದ ಇನ್ನೊಂದು ಪರಾವಲಂಬಿ ಫಾಲ್ಸಿಪಾರಂನಲ್ಲಿ ಇದಕ್ಕಾಗಿ ಕಣದ ಪೊರೆಯಲ್ಲಿ ಹೊಸ ದಾರಿಗಳು ತೆರೆದುಕೊಳ್ಳುತ್ತವೆ; ಆ ಕೆಲಸಕ್ಕೆ ಪರಾವಲಂಬಿಯದೇ ರಾಪ್‌ಎಚ್ ಎಂಬ ಪ್ರೋಟೀನ್‌ಗಳು ಬೇಕು. ಹೊರಕ್ಕೆ ಕಳಿಸುವ ಪ್ರೋಟೀನ್‌ಗಳು ಪರಾವಲಂಬಿಯ ಸುತ್ತಲಿನ ಚೀಲದ ಪೊರೆಯಲ್ಲಿರುವ ಪಿಟೆಕ್ಸ್ ಎಂಬ ಬಾಗಿಲಲ್ಲಿ, ಸೂಜಿಗೆ ದಾರ ಪೋಣಿಸಿದ ಹಾಗೆ ಮಡಿಕೆ ಬಿಚ್ಚಿಕೊಂಡು ನುಸುಳುತ್ತವೆ. ವೈವ್ಯಾಕ್ಸ್‌ನಲ್ಲಿ ಕಣದ ಪೊರೆ ಅಲ್ಲಲ್ಲಿ ಒಳಕ್ಕೆ ಗುಳಿಬಿದ್ದು ಗುಳಿಗೆ ಸಣ್ಣ ಚೀಲಗಳು ಅಂಟಿಕೊಂಡಿರುತ್ತವೆ. ನಾವು ನೋಡುವ ಶಫ್ನರ್ ಚುಕ್ಕೆ ಅದೇ.

ಈ ದಾರಿಗಳು ಮೊದಲ ದಿನವೇ ಪೂರ್ತಿ ತೆರೆಯುವುದಿಲ್ಲ. ಲ್ಯಾಬ್‌ನಲ್ಲಿ ಫಾಲ್ಸಿಪಾರಂ ಬೆಳೆಸುವವರು 1979ರಿಂದ ಇದನ್ನೇ ಉಪಯೋಗಿಸುತ್ತಿದ್ದಾರೆ: 5% ಸಾರ್ಬಿಟಾಲ್‌ನಲ್ಲಿ ಕಣಗಳನ್ನು ಸುಮಾರು 10 ನಿಮಿಷ ಇಟ್ಟರೆ ಬಲಿತ ಪರಾವಲಂಬಿ ಇರುವ ಕಣಕ್ಕೆ ಸಾರ್ಬಿಟಾಲ್ ನುಗ್ಗಿ, ಹಿಂದೆಯೇ ನೀರೂ ನುಗ್ಗಿ ಕಣ ಒಡೆಯುತ್ತದೆ, ರಿಂಗ್, ಅಂದರೆ ಉಂಗುರದಂತೆ ಕಾಣುವ ಎಳೆಯ ಪರಾವಲಂಬಿ, ಇರುವ ಕಣ ಉಳಿಯುತ್ತದೆ. ಸ್ಮಿಯರ್‌ನಲ್ಲೂ ಹಾಗೇ, ಎಳೆಯ ರಿಂಗ್‌ನ ಸುತ್ತ ಚುಕ್ಕೆ ಹುಡುಕಬೇಡಿ. ಬೆಳೆದ ಟ್ರೋಫೋಜಾಯಿಟ್ (ರಿಂಗ್‌ನ ಮುಂದಿನ ಹಂತ) ಇರುವ ಕಣ ಆರಿಸಿ.

ಈಗ ಬಫರ್, ಅಂದರೆ ಗೀಮ್ಸಾಗೆ ಬೆರೆಸುವ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಕಾಯುವ ನೀರು. 1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.7 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 1.0 ಗ್ರಾಂ, ಎರಡೂ ಅನ್‌ಹೈಡ್ರಸ್ (ನೀರಿನಂಶ ಸೇರಿರದ ರೂಪ). ಡಬ್ಬಿಯ ಲೇಬಲ್ ಓದಿ. ಎರಡನೆಯದು ನೀರಿನಂಶ ಸೇರಿದ ಡೈಹೈಡ್ರೇಟ್ ಆಗಿದ್ದರೆ 1.25 ಗ್ರಾಂ ತೂಗಬೇಕು. ಪಿಎಚ್ 7.2 ಬರಬೇಕು, ಅದನ್ನು ಮೀಟರ್‌ನಲ್ಲೇ ನೋಡಿ. ಪಟ್ಟಿಯ ಬಣ್ಣ ನೋಡಿ ಅಂದಾಜು ಮಾಡಿದರೆ ಸಾಲದು. ಬೋರ್ ನೀರಿನ ಬೈಕಾರ್ಬನೇಟ್ ಪಿಎಚ್ ಏರಿಸಿ ಕಣಗಳನ್ನೆಲ್ಲ ನೀಲಿ ಮಾಡುತ್ತದೆ. ಊರ ಘಟಕದ ಫಿಲ್ಟರ್ ನೀರು ಕುಡಿಯಲು ಸರಿ, ಬಣ್ಣಕ್ಕೆ ಹಾಗೇ ಬೇಡ: ಅದರ ಪಿಎಚ್ ಅನೇಕ ಸಲ ಆಮ್ಲದ ಕಡೆ ವಾಲಿರುತ್ತದೆ. 6.8ಕ್ಕೆ ಇಳಿದರೆ ಕಣ ಚೆಂದವಾಗಿ ಗುಲಾಬಿ ಕಾಣುತ್ತದೆ, ಚುಕ್ಕೆ ಮಾಯ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನ ರಕ್ತವಾದರೆ ಒಂದು ಗಂಟೆಯೊಳಗೆ ಸ್ಮಿಯರ್ ಎಳೆಯಿರಿ. ತೆಳು ಸ್ಮಿಯರ್ ಒಣಗಿದ ಮೇಲೆ ಮೆಥನಾಲ್‌ನಲ್ಲಿ ಕೆಲವು ಸೆಕೆಂಡ್ ಅದ್ದಿ ಒಣಗಿಸಿ. ಅದೇ ಸ್ಲೈಡಿನ ದಪ್ಪ ಸ್ಮಿಯರ್‌ಗೆ ಮೆಥನಾಲ್ ತಗುಲಬಾರದು. ಚುಕ್ಕೆಗಾಗಿ ನೋಡುವಾಗ 10% ಗೀಮ್ಸಾದಲ್ಲಿ ಬೇಗ ಮುಗಿಸುವ ಅವಸರ ಬೇಡ. 3 ಮಿಲಿ ಬಣ್ಣ, 97 ಮಿಲಿ ಬಫರ್, 45ರಿಂದ 60 ನಿಮಿಷ. ತೊಳೆಯುವಾಗ ಸ್ಲೈಡ್ ಓರೆ ಮಾಡಿ ಬಣ್ಣ ಚೆಲ್ಲಬೇಡಿ. ಮೇಲೆ ತೇಲುವ ಹೊಳಪಿನ ಕೆನೆ ಸ್ಮಿಯರ್ ಮೇಲೆ ಕೂರುತ್ತದೆ. ಮೊದಲು ಬಫರ್ ಸುರಿದು ಕೆನೆಯನ್ನು ತೇಲಿಸಿ ಕಳೆಯಿರಿ. ಕೂತ ಕೆನೆಯನ್ನು ಶಫ್ನರ್ ಎಂದು ಬರೆದುಬಿಡುವುದು ಹೊಸಬರ ತಪ್ಪು. ಕೆನೆಯ ಚುಕ್ಕೆ ಕಣಗಳ ನಡುವಿನ ಖಾಲಿ ಜಾಗದಲ್ಲೂ ಇರುತ್ತದೆ, ಫೈನ್ ಫೋಕಸ್ ತಿರುಗಿಸಿದರೆ ಕಣಕ್ಕಿಂತ ಮೇಲಿನ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ.

ಫಾಲ್ಸಿಪಾರಂನಲ್ಲಿ ಪ್ರೋಟೀನ್ ಸಾಗಿಸುವ ಕೆಲಸ ಕಣದೊಳಗಿನ ಮೌರರ್ ಸೀಳುಗಳೆಂಬ ಪೊರೆಚೀಲಗಳದು. ಅವು ಸಾಗಿಸುವ ಅಂಟು ಪ್ರೋಟೀನ್‌ನಿಂದಲೇ ಬಲಿತ ಕಣಗಳು ಒಳ ಅಂಗಗಳ ರಕ್ತನಾಳಕ್ಕೆ ಕಚ್ಚಿಕೊಳ್ಳುತ್ತವೆ. ಹಾಗಾಗಿ ಬೆರಳಿನ ರಕ್ತದಲ್ಲಿ ಸಾಮಾನ್ಯವಾಗಿ ರಿಂಗ್‌ಗಳಷ್ಟೇ ಸಿಗುತ್ತವೆ.

ತುಮಕೂರಿನವರು ಇನ್ನೊಂದನ್ನು ಗಮನಿಸಬೇಕು. ಪ್ಲಾಸ್ಮೋಡಿಯಂ ಮಲೇರಿಯೇ ಎಂಬ ಮತ್ತೊಂದು ಬಗೆಯ ಪರಾವಲಂಬಿ ದೇಶದಲ್ಲಿ ಹಿಂದೆ ಹೆಚ್ಚು ವರದಿಯಾಗಿದ್ದ ನೆಲೆ ತುಮಕೂರು, ಹಾಸನ ಜಿಲ್ಲೆಗಳು. ಅದರಲ್ಲಿ ಕಣ ಉಬ್ಬುವುದಿಲ್ಲ, ಶಫ್ನರ್ ಚುಕ್ಕೆಯೂ ಇರುವುದಿಲ್ಲ. ಪರಾವಲಂಬಿ ಕೆಲವೊಮ್ಮೆ ಪಟ್ಟಿಯಂತೆ ಅಡ್ಡ ಮಲಗಿರುತ್ತದೆ. ಚುಕ್ಕೆ ಇಲ್ಲದ್ದು ರೋಗದಿಂದಲೋ ನೀರಿನಿಂದಲೋ ಎಂದು ತಿಳಿಯಲು, ವೈವ್ಯಾಕ್ಸ್ ಎಂದು ಖಚಿತವಾದ ಒಂದು ಸ್ಲೈಡನ್ನು ಅದೇ ಬಣ್ಣದಲ್ಲಿ, ಅದೇ ಹೊತ್ತಿನಲ್ಲಿ ಅದ್ದಿ. ಅದರಲ್ಲೂ ಚುಕ್ಕೆ ಬರದಿದ್ದರೆ ರಿಪೋರ್ಟ್ ಬರೆಯಬೇಡಿ, ಬಫರ್ ಮತ್ತೆ ಮಾಡಿ.