ಆ ಪಾಠ ಮಾಡುವ ಮೊದಲು ತಾಯಂದಿರನ್ನು ಕರೆದೆ

ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಎಂಟನೇ ತರಗತಿ ಪುಸ್ತಕದಲ್ಲಿ ಹದಿಹರೆಯದ ಪಾಠವಿದೆ. ಹಲವು ವರ್ಷ "ಮನೇಲಿ ಓದ್ಕೊಳ್ಳಿ" ಎಂದು ಹೇಳಿ ಅದನ್ನು ದಾಟಿಸಿಬಿಟ್ಟೆ. 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ, ಅದು ಲೈಂಗಿಕ ಶಿಕ್ಷಣ ಅಂತ, ವಿರೋಧ ಎದ್ದಾಗ ಮಹಾರಾಷ್ಟ್ರ, ಮಧ್ಯಪ್ರದೇಶದ ಹಾಗೆ ಕರ್ನಾಟಕವೂ ಅದನ್ನು ನಿಲ್ಲಿಸಿತ್ತು. ಆ ಭಯ ನಮ್ಮಂಥ ಶಿಕ್ಷಕರಲ್ಲಿ ಹಾಗೇ ಉಳಿದುಕೊಂಡಿತ್ತು.

ಕೊನೆಗೆ ಪಾಠ ಮಾಡಲೇಬೇಕು ಅಂತ ತೀರ್ಮಾನಿಸಿ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಿದೆ. "ಇದೆಲ್ಲ ಮಕ್ಳಿಗ್ಯಾಕೆ ಮೇಡಂ?" ಎಂದರು ಒಬ್ಬ ತಂದೆ. ಅದೇ ಬೆಳಿಗ್ಗೆ ಅವರ ಹಸು ಬೆದೆಗೆ ಬಂದಿತ್ತು. ಗಬ್ಬ ಕಟ್ಟಿಸುವ ಇಂಜೆಕ್ಷನ್ ಹಾಕಲು ಬಂದ ಡಾಕ್ಟರ್ ಮುಂದೆ ಹಗ್ಗ ಹಿಡಿದು ನಿಂತಿದ್ದವನು ಅವರ ಎಂಟನೇ ಕ್ಲಾಸಿನ ಮಗ. ಬೆದೆ, ಗಬ್ಬ, ಕರು ಹಾಕೋದು ಎಲ್ಲ ಮಕ್ಕಳ ಮುಂದೆಯೇ ಮಾತಾಡುತ್ತೇವೆ. ಮನುಷ್ಯರ ವಿಷಯಕ್ಕೆ ಬಂದರೆ ಬಾಯಿ ಕಟ್ಟುತ್ತದೆ.

ಪಾಠಕ್ಕೆ ಒಂದು ವಾರ ಮೊದಲು ತಾಯಂದಿರನ್ನು ಕರೆದು ಪುಸ್ತಕವನ್ನು ಸಾಲು ಸಾಲಾಗಿ ಓದಿ ಹೇಳಿದೆ. ನಿಜವಾದ ತೊಡಕು ಗೊತ್ತಾಗಿದ್ದು ಆಗಲೇ. ಅವರ ಬಳಿ ಪದಗಳೇ ಇರಲಿಲ್ಲ. ಈ ಅಂಗಗಳಿಗೆ ಅವರು ಕೇಳಿದ್ದು ಬೈಗುಳದ ಮಾತು, ಪುಸ್ತಕದಲ್ಲಿರುವುದು ವೃಷಣ, ಅಂಡಾಶಯ. ನಡುವೆ ಏನೂ ಇಲ್ಲ. ಯಾರೋ ಮೈ ಮುಟ್ಟಿದರು ಅಂತ ಅಮ್ಮನಿಗೆ ಹೇಳಲು ಮಗುವಿಗೆ ಒಂದು ಪದವಾದರೂ ಬೇಕಲ್ವಾ? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೋ ಕಾಯ್ದೆ ಕೆಲಸಕ್ಕೆ ಬರುವುದೂ ಹೆಚ್ಚಿನ ಸಲ ಮಗು ಬಾಯಿಬಿಟ್ಟ ಮೇಲೆಯೇ. ಹಾಗಾಗಿ ಎಲ್ಲರೂ ಸೇರಿ ಮುಟ್ಟು, ಗರ್ಭಚೀಲ ಅಂತ ಹೇಳಲು ಬರುವ ಪದಗಳನ್ನು ಆರಿಸಿಕೊಂಡೆವು. ಪುಸ್ತಕದ ಪದಗಳನ್ನೂ ನಾಚಿಕೆ ಬಿಡುವ ತನಕ ಗಟ್ಟಿಯಾಗಿ ಹೇಳಿದೆವು.

ತಾಯಿಯಿಂದ ಎಕ್ಸ್ ವರ್ಣತಂತು (ಕ್ರೋಮೋಸೋಮ್) ಮಾತ್ರ ಬರುತ್ತದೆ, ತಂದೆಯಿಂದ ಎಕ್ಸ್ ಅಥವಾ ವೈ ಬರುತ್ತದೆ, ಮಗು ಗಂಡೋ ಹೆಣ್ಣೋ ಆಗುವುದು ಅದರಿಂದ ಎಂದು ಓದಿದಾಗ ಮೂರು ಹೆಣ್ಣುಮಕ್ಕಳ ತಾಯಿಯೊಬ್ಬರು "ಇನ್ನೊಂದ್ಸಲ ಓದಿ ಮೇಡಂ" ಎಂದರು. ಓದಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ತರಗತಿಯಲ್ಲಿ ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬ ಇಟ್ಟೆ. ಹುಡುಗಿಯರ ಚೀಟಿಯೇ ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. ಬಂದಿದ್ದು ಹುಡುಗರದ್ದು. ಒಂದರಲ್ಲಿ ಪೆನ್ಸಿಲ್‌ನಲ್ಲಿ ಹೀಗಿತ್ತು: "ರಾತ್ರಿ ನಿದ್ದೆಯಲ್ಲಿ ಚಡ್ಡಿ ಒದ್ದೆ ಆಗುತ್ತೆ. ಇದು ಸಾಯೋ ಕಾಯಿಲೆನಾ?" ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ' ಪೋಸ್ಟರ್ ಓದಿ ಹೆದರಿದ ಮಗು ಅದು. ಇದು ಕಾಯಿಲೆ ಅಲ್ಲ, ಈ ವಯಸ್ಸಿನಲ್ಲಿ ಸಹಜ, ಶಕ್ತಿಯೂ ಕಳೆದುಹೋಗಲ್ಲ ಎಂದು ಇಡೀ ತರಗತಿಗೆ ಹೇಳಿದೆ. ಯಾರೂ ನಗಲಿಲ್ಲ.

ತಂದೆಯರನ್ನು ಕರೆಯದೇ ಇದ್ದದ್ದು ನನ್ನ ತಪ್ಪು. ಮರುವರ್ಷ ಅವರನ್ನೂ ಕರೆದೆ. ಬಂದವರು ನಾಲ್ಕೇ ಜನ. ಅವರಲ್ಲಿ ಆ ಹಸುವಿನ ಯಜಮಾನರೂ ಇದ್ದರು. ಚೀಟಿಯ ಮಾತು ಕೇಳಿ ಸುಮಾರು ಹೊತ್ತು ಸುಮ್ಮನಿದ್ದು, "ನಮ್ಗೂ ಆಗ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು" ಎಂದರು.