ತರಕಾರಿ ಗರಿಗರಿಯಾಗಬೇಕೆ? ಮೊದಲು ನೀರು ಓಡಿಸಿ

ಬೀಟ್‌ರೂಟ್ ಎಂದರೆ ಮುಖ ಸಿಂಡರಿಸುವ ಮಕ್ಕಳು, ಅದನ್ನೇ ತೆಳ್ಳಗೆ ಹೆಚ್ಚಿ ಕಚ್ಚಿದರೆ ಕರುಂ ಎನ್ನುವಂತೆ ಮಾಡಿಕೊಟ್ಟರೆ ಕೇಳಿ ಕೇಳಿ ತಿನ್ನುತ್ತಾರೆ. ಬಹಳ ಸಲ ಅವರಿಗೆ ಹಿಡಿಸದಿರುವುದು ತರಕಾರಿಯ ರುಚಿಯಲ್ಲ, ಬಾಯಲ್ಲಿ ಪಿಚಿಪಿಚಿ ಎನ್ನುವ ಅದರ ಮೆತುವು. ಮನೆಯಲ್ಲಿ ಚಿಪ್ಸ್ ಮಾಡಲು ಹೊರಟವರು ಎಡವುವುದೂ ಅಲ್ಲೇ. ಗರಿಗರಿಯಾಗಲಿಲ್ಲ ಎಂದು ಇನ್ನಷ್ಟು ಎಣ್ಣೆ ಸುರಿಯುತ್ತಾರೆ. ಗರಿಗರಿ ಮಾಡುವುದು ಎಣ್ಣೆಯಲ್ಲ, ಒಳಗಿನ ನೀರು ಹೋಗುವುದು.

ಆ ನೀರೇನು ಕಡಿಮೆಯೆ? ಕ್ಯಾರೆಟ್ ಮತ್ತು ಬೀಟ್‌ರೂಟ್ ತೂಕದಲ್ಲಿ ಶೇ 88ರ ಆಸುಪಾಸು ನೀರೇ. ಸಿಹಿಗೆಣಸಿನಲ್ಲಿ ಸುಮಾರು ಶೇ 77. ಅಂದರೆ ಅರ್ಧ ಕೆ.ಜಿ. ಕ್ಯಾರೆಟ್ ಒಣಗಿ ಗರಿಯಾದ ಮೇಲೆ ಉಳಿಯುವುದು 60 ಗ್ರಾಂ ಚಿಲ್ಲರೆ. ಇದನ್ನು ಮನೆಯವರಿಗೂ ಮೊದಲೇ ಹೇಳಿಡಿ, ‘ಇಷ್ಟೇನಾ?’ ಎಂಬ ಮಾತು ತಪ್ಪುತ್ತದೆ. ಮೊದಲ ಸಲ ಮಾಡುವವರಿಗೆ ಸಿಹಿಗೆಣಸೇ ಸುಲಭ.

ಹೆಚ್ಚುವುದರಲ್ಲೇ ಅರ್ಧ ಕೆಲಸ

ತರಕಾರಿ ತೊಳೆದು, ಸಿಪ್ಪೆ ತೆಗೆದು, 2 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಹೆಚ್ಚಿಕೊಳ್ಳಿ. ಸ್ಲೈಸರ್ ಇದ್ದರೆ ಒಳ್ಳೆಯದು, ಬೆರಳು ಜೋಪಾನ. ತೆಳ್ಳಗಿರುವುದಕ್ಕಿಂತ ಎಲ್ಲವೂ ಒಂದೇ ದಪ್ಪ ಇರುವುದು ಮುಖ್ಯ. ಇಲ್ಲದಿದ್ದರೆ ತೆಳ್ಳಗಿನದು ಸೀದಾಗ ದಪ್ಪನೆಯದು ಇನ್ನೂ ಹಸಿಯಾಗಿರುತ್ತದೆ.

ಆಲೂಗೆಡ್ಡೆಯಾದರೆ ಬಿಲ್ಲೆಗಳನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಚೆಲ್ಲಿ. ಮೇಲಿನ ಪಿಷ್ಟ, ಸಕ್ಕರೆ ತೊಳೆದುಹೋಗಿ, ಬೇಗನೆ ಕಂದುವುದು ತಪ್ಪುತ್ತದೆ. ನಂತರ ಯಾವ ತರಕಾರಿಯೇ ಆಗಲಿ, ಒಣ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಹೊದಿಸಿ ಒತ್ತಿ. ಬೀಟ್‌ರೂಟ್‌ಗೆ ಹಳೇ ಬಟ್ಟೆ ಇರಲಿ, ಆ ಕಲೆ ಸುಲಭಕ್ಕೆ ಬಿಡುವುದಿಲ್ಲ.

ಓವನ್‌ಗೆ ಇಡುವಾಗ

ಓವನ್ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ. ಅರ್ಧ ಕೆ.ಜಿ. ಬಿಲ್ಲೆಗೆ ಒಂದು ದೊಡ್ಡ ಚಮಚ ಎಣ್ಣೆ ಧಾರಾಳವಾಯಿತು; ಕೈಯಿಂದಲೇ ಸವರಿ. ಹಾಗೆಂದು ಎಣ್ಣೆಯನ್ನು ಪೂರಾ ಕೈಬಿಡಬೇಕಿಲ್ಲ. ಕ್ಯಾರೆಟ್, ಸಿಹಿಗೆಣಸಿನ ಕೆರೊಟಿನ್ (ದೇಹ ವಿಟಮಿನ್ ಎ ಮಾಡಿಕೊಳ್ಳುವ ಕಿತ್ತಳೆ ಬಣ್ಣದ ಅಂಶ) ಮೈಗೆ ಹತ್ತಲು ತುಸು ಜಿಡ್ಡು ಬೇಕು.

ಟ್ರೇ ಮೇಲೆ ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ. ನಾನು ಮೊದಲ ಸಲ ಆತುರಕ್ಕೆ ಬಿದ್ದು ಎರಡು ಟ್ರೇಗಾಗುವಷ್ಟನ್ನು ಒಂದರಲ್ಲೇ ಪೇರಿಸಿದ್ದೆ. ಆವಿ ಹೋಗಲು ದಾರಿಯಿಲ್ಲದೆ ಎಲ್ಲ ಬೆಂದು ಮುದ್ದೆಯಾಯಿತು. ತಿಂದೆವು, ಚಿಪ್ಸ್ ಎನ್ನಲಿಲ್ಲ ಅಷ್ಟೆ.

15 ನಿಮಿಷಕ್ಕೆ ಒಮ್ಮೆ ಮಗುಚಿ. ಒಟ್ಟು 25ರಿಂದ 40 ನಿಮಿಷ ಹಿಡಿಯುತ್ತದೆ. ಕೊನೆಯ ಹತ್ತು ನಿಮಿಷ ಮಾತ್ರ ಓವನ್ ಬಿಟ್ಟು ಕದಲಬೇಡಿ. ಅಂಚು ಮುದುಡಿ, ಬಣ್ಣ ತುಸು ಮಂಕಾದರೆ ಹದ ಬಂತೆಂದು ಲೆಕ್ಕ. ಬಿಸಿಯಲ್ಲಿ ನಡುಭಾಗ ಕೊಂಚ ಬಾಗುತ್ತದೆ, ಗಾಬರಿ ಬೇಡ. ಆರಿದಾಗ ಗರಿಯಾಗುತ್ತದೆ.

ಆಲೂಗೆಡ್ಡೆ, ಗೆಣಸು ಹೊಂಬಣ್ಣಕ್ಕೆ ಬಂದೊಡನೆ ತೆಗೆಯಿರಿ. ಪಿಷ್ಟವಿರುವ ಪದಾರ್ಥವನ್ನು 120 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಕರಿದಾಗ, ಬೇಕ್ ಮಾಡಿದಾಗ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹುಟ್ಟುತ್ತದೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಕಂದು ಹೆಚ್ಚಿದಷ್ಟೂ ಅದು ಹೆಚ್ಚು. ಕರಟಿದ ಚೂರು ಕಂಡರೆ ಕಸಕ್ಕೆ ಹಾಕಿ.

ಉಪ್ಪು ಯಾವಾಗ?

ಚಿಪ್ಸ್‌ಗೆ ಕೊನೆಯಲ್ಲಿ. ಹಸಿ ಬಿಲ್ಲೆಗೆ ಸರಿಯೆನಿಸಿದ ಉಪ್ಪು, ನೀರು ಹೋಗಿ ಬಿಲ್ಲೆ ಕುಗ್ಗಿದ ಮೇಲೆ ಬಾಯಿಗಿಡಲಾರದಷ್ಟು ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಮೂರು ಹೊತ್ತಿನ ಊಟವೂ ಸೇರಿ ಒಂದು ಚಿಕ್ಕ ಚಮಚದೊಳಗೆ. ಹಾಗಾಗಿ ಚಿಟಿಕೆ ಉಪ್ಪಿನ ಜೊತೆ ಮೆಣಸಿನ ಪುಡಿ, ಜೀರಿಗೆ ಪುಡಿ ಉದುರಿಸಿದರೆ ಉಪ್ಪು ಕಡಿಮೆಯಾದದ್ದು ಗೊತ್ತೇ ಆಗದು.

ಓವನ್ ಇಲ್ಲದವರು ತರಕಾರಿಯನ್ನು ತುರಿದು ಕಾವಲಿಯ ಮೇಲೆ ಬಿಲ್ಲೆ ತಟ್ಟಬಹುದು. ಇಲ್ಲಿ ಉಪ್ಪಿನ ಲೆಕ್ಕ ತಿರುವುಮುರುವು: ತುರಿಗೆ ಮೊದಲೇ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಅರ್ಧ ಲೋಟ ನೀರು ಬಂದರೂ ಆಶ್ಚರ್ಯವಿಲ್ಲ. ಎರಡು ಕಪ್ ತುರಿಗೆ ಬೇಯಿಸಿ ಹಿಸುಕಿದ ಒಂದು ಆಲೂಗೆಡ್ಡೆ, ಎರಡು ಚಮಚ ಕಡಲೆಹಿಟ್ಟು ಸಾಕು. ಸಣ್ಣ ಉರಿಯಲ್ಲಿ ಒಂದೊಂದು ಬದಿ ನಾಲ್ಕೈದು ನಿಮಿಷ. ಪುಟ್ಟ ಮಕ್ಕಳಿಗೆ ಇದೇ ವಾಸಿ. ಗಟ್ಟಿ ಚಿಪ್ಸ್, ಹಸಿ ಕ್ಯಾರೆಟ್ ತುಂಡು ಅವರ ಗಂಟಲಲ್ಲಿ ಸಿಕ್ಕುವ ಭಯವಿದೆ.

ಬೀಟ್‌ರೂಟ್ ಚಿಪ್ಸ್ ತಿಂದ ಮರುದಿನ ಕೆಲವರಿಗೆ ಮೂತ್ರ ಕೆಂಪಗಾಗುವುದುಂಟು. ಅದು ತರಕಾರಿಯ ಬಣ್ಣ, ಮೊದಲೇ ಹೇಳಿಟ್ಟರೆ ಹೆದರಿಕೆ ಇರದು. ಉಳಿದ ಚಿಪ್ಸ್ ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಓಡಿಸಿದ ನೀರು ಮುಚ್ಚಳದಿಂದ ತೊಟ್ಟಿಕ್ಕುತ್ತದೆ. ಎರಡು ಮೂರು ದಿನದಲ್ಲಿ ಮೆತ್ತಗಾದರೆ 120 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ತೆಗೆಯಿರಿ, ಮತ್ತೆ ಗರಿಗರಿ.