ವಾಟರ್ ಹೆಮ್ಲಾಕ್: ಕೀಳದೆಯೇ ಗುರುತಿಸುವುದು ಹೇಗೆ?

ಕ್ಯಾರೆಟ್, ಕೊತ್ತಂಬರಿ, ಜೀರಿಗೆ ಒಂದೇ ಕುಟುಂಬದ ಗಿಡಗಳು. ವಾಟರ್ ಹೆಮ್ಲಾಕ್ ಕೂಡ ಅದೇ ಕುಟುಂಬದ್ದು. ಆದರೆ ಉತ್ತರ ಅಮೆರಿಕದ ಅತಿ ವಿಷಕಾರಿ ಗಿಡಗಳಲ್ಲಿ ಇದೂ ಒಂದು. ಯುರೋಪ್ ಮತ್ತು ಏಷ್ಯಾದ ಉತ್ತರ ಭಾಗಗಳಲ್ಲೂ ಇದರ ಒಂದು ಜಾತಿಯಿದೆ.

ಮೊದಲು ನೆಲ ನೋಡಿ. ಜೌಗು, ಹಳ್ಳದ ದಂಡೆ, ನೀರು ನಿಲ್ಲುವ ಹುಲ್ಲುಗಾವಲು ಇದರ ಜಾಗ.

ಆಮೇಲೆ ಕಾಂಡ. ನುಣುಪಾಗಿ, ಒಳಗೆ ಟೊಳ್ಳಾಗಿರುತ್ತದೆ. ಕೆಲವೊಮ್ಮೆ ನೇರಳೆ ಗೆರೆ, ಮಚ್ಚೆಗಳೂ ಇರುತ್ತವೆ. ಕಾಡು ಕ್ಯಾರೆಟ್ಟಿನ ಕಾಂಡದಲ್ಲಾದರೆ ರೋಮ ಇರುತ್ತದೆ. ಈ ಟೊಳ್ಳು ಕಾಂಡದಿಂದ ಪೀಪಿ ಮಾಡಿ ಊದಿದ ಮಕ್ಕಳಿಗೂ ವಿಷವೇರಿದ್ದಿದೆ.

ಹೂವು ಚಿಕ್ಕದು, ಬಿಳಿ, ಕೊಡೆಯಂತೆ ಹರಡಿದ ಗೊಂಚಲು. ಇದೊಂದನ್ನೇ ನಂಬಬೇಡಿ, ಈ ಕುಟುಂಬದ ಬಹಳಷ್ಟು ಗಿಡಗಳ ಹೂವು ಹೀಗೇ ಅಲ್ವಾ? ಎಲೆಯನ್ನು ಹತ್ತಿರದಿಂದ ನೋಡಿ. ಅಂಚಿನಲ್ಲಿ ಹಲ್ಲುಗಳಿರುತ್ತವೆ. ಪಕ್ಕದ ನರಗಳು ಸಾಮಾನ್ಯವಾಗಿ ಹಲ್ಲಿನ ತುದಿಗೆ ಹೋಗದೆ, ಎರಡು ಹಲ್ಲುಗಳ ನಡುವಿನ ಸಂದಿಗೆ ಸೇರುತ್ತವೆ. ಎಲ್ಲ ಎಲೆಯಲ್ಲೂ ಇದು ಸ್ಪಷ್ಟವಾಗಿ ಕಾಣುವುದಿಲ್ಲ.

ಬೇರಿನ ತಂಟೆಗೆ ಹೋಗಲೇಬೇಡಿ. ಉದ್ದಕ್ಕೆ ಸೀಳಿದರೆ ಕಾಂಡದ ಬುಡದಲ್ಲಿ ಅಡ್ಡ ಗೋಡೆಗಳಿರುವ ಖಾಲಿ ಕೋಣೆಗಳು ಕಾಣುತ್ತವೆ, ಹಳದಿ ಎಣ್ಣೆಯಂಥ ರಸ ಒಸರುತ್ತದೆ. ಅದು ನಿಜ. ಆದರೆ ವಿಷ ಅತಿ ಜಾಸ್ತಿ ಇರುವುದೇ ಅಲ್ಲಿ. ವಾಸನೆ, ರುಚಿ ಎರಡೂ ಎಚ್ಚರಿಸುವುದಿಲ್ಲ. ಬೇರಿಗೆ ಪಾರ್ಸ್ನಿಪ್‌ನಂಥ (ಕ್ಯಾರೆಟ್ಟನ್ನು ಹೋಲುವ ಬಿಳಿ ಗೆಡ್ಡೆ) ಹಿತವಾದ ವಾಸನೆಯೇ ಇರುತ್ತದೆ.

1992ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಅಣ್ಣತಮ್ಮ ಇಬ್ಬರು ಕಾಡು ಜಿನ್ಸೆಂಗ್ (ಬೇರನ್ನು ಔಷಧಿಗೆ ಬಳಸುವ ಗಿಡ) ಹುಡುಕುತ್ತಿದ್ದರು. 23 ವರ್ಷದ ತಮ್ಮ ವಾಟರ್ ಹೆಮ್ಲಾಕ್ ಬೇರನ್ನು ಮೂರು ಸಲ ಕಚ್ಚಿ ತಿಂದ. ಅರ್ಧ ಗಂಟೆಯೊಳಗೆ ವಾಂತಿ, ಫಿಟ್ಸ್ ಶುರುವಾಯಿತು. ಆತ ಉಳಿಯಲಿಲ್ಲ. ಒಂದೇ ಸಲ ಕಚ್ಚಿದ್ದ ಅಣ್ಣನಿಗೂ ಫಿಟ್ಸ್ ಬಂತು, ಆದರೆ ಬದುಕಿದ. ಈ ಗಿಡದಲ್ಲಿರುವ ಸಿಕುಟಾಕ್ಸಿನ್ ಎಂಬ ವಿಷ, ಮೆದುಳು ಅತಿಯಾಗಿ ಕೆರಳದಂತೆ ತಡೆಯುವ ವ್ಯವಸ್ಥೆಯನ್ನೇ ಕೆಡಿಸುತ್ತದೆ.

ಹಾಗಾಗಿ ಜೌಗಿನಲ್ಲಿ ಬೆಳೆದ, ಇದನ್ನು ಹೋಲುವ ಯಾವ ಗಿಡವನ್ನೂ ಸುಮ್ನೆ ರುಚಿ ನೋಡಬೇಡಿ.

ಯಾರಾದರೂ ತಿಂದಿದ್ದರೆ ಲಕ್ಷಣ ಕಾಣಲಿ ಅಂತ ಕಾಯದೆ ಆಂಬುಲೆನ್ಸ್ ಕರೆಸಿ. ವಾಂತಿ ಮಾಡಿಸಬೇಡಿ. ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ. ವೈದ್ಯರು ಫಿಟ್ಸ್ ನಿಲ್ಲಿಸಿ, ಉಸಿರಾಟ ಕಾಪಾಡುತ್ತಾರೆ. ತಿಂದ ಗಿಡದ ಫೋಟೊ ಇದ್ದರೆ ಅವರಿಗೆ ತೋರಿಸಿ.